ಬಿದ್ದು ಎಂಬ ಬೆಂಗಳೂರಿಗ

ಹೆಗ್ಗನಹಳ್ಳಿಯ ನಮ್ಮ ಬೀದಿಯಲ್ಲಿ ಗಿಟಾರಿನ ಹುಚ್ಚು ಹಿಡಿದ ಹುಡುಗನೊಬ್ಬನಿದ್ದಾನೆ. ‘ಸಾರ್, ಇದರಿಂದ ಹೊಟ್ಟೆ ತುಂಬುತ್ತದೆಯೇ? ನೀವಾದರೂ ಬುದ್ಧಿ ಹೇಳಿ’ ಎಂದು ಅವನ ತಂದೆ ಬಂದರು. ಅರ್ಥಶಾಸ್ತ್ರ ಓದಿದ ನಿವೃತ್ತ ಅಧಿಕಾರಿಯ ಬಳಿ ಲೆಕ್ಕ ಸಿದ್ಧವಿರುತ್ತದೆಂಬ ನಂಬಿಕೆ ಅವರದು. ನನಗೆ ನೆನಪಾದದ್ದು ಬಿದ್ದು ಅಪ್ಪಯ್ಯ.

1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಕೊಡವ ತರುಣ, ಎಲ್ವಿಸ್‌ನ ರಾಕಬಿಲಿಯೂ ಅದರ ಬೆನ್ನಿಗೇ ಬೀಟಲ್ಸ್‌ರೂ ರೇಡಿಯೊ ಸಿಲೋನ್ ಮೂಲಕ ನಮ್ಮ ಮನೆಗಳಿಗೆ ನುಗ್ಗಿದ ಕಾಲದವರು. ಗೆಳೆಯರೊಡನೆ ‘ಟ್ರೋಜನ್ಸ್’ ತಂಡ ಕಟ್ಟಿದರು. ತಂಡ ಚದುರಿದಾಗ ‘ಲೋನ್ ಟ್ರೋಜನ್’ ಎಂದು ಒಬ್ಬರೇ ಹಾಡಿದರು. ಆಗ ದೇಶದ ಧ್ವನಿಮುದ್ರಣ ಉದ್ಯಮ ಬಹುತೇಕ ಒಂದೇ ಕಂಪನಿಯ ಹಿಡಿತದಲ್ಲಿತ್ತು. ಇಂಗ್ಲಿಷ್ ಹಾಡಿಗೆ ಕ್ಲಬ್ಬು, ಹೋಟೆಲುಗಳೇ ಮಾರುಕಟ್ಟೆ.

1960ರ ದಶಕದ ಕೊನೆಯಲ್ಲಿ ಅವರು ಲಂಡನ್ ಸೇರಿದರು. ಸಣ್ಣಪುಟ್ಟ ಕೆಲಸ ಮಾಡಿ ಕೂಡಿಟ್ಟ ಹಣದಿಂದ ಸ್ಟುಡಿಯೊ ಬಾಡಿಗೆಗೆ ಪಡೆದರು. 1974ರಲ್ಲಿ ಕಾರ್ಲ್ ಡಗ್ಲಾಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ತಟ್ಟೆಯ ಹಿಂಬದಿ ತುಂಬಿಸಲೆಂದು, ಉಳಿದಿದ್ದ ಹತ್ತು ನಿಮಿಷಗಳಲ್ಲಿ ಮುದ್ರಿಸಿದ್ದು! ಅದು ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಮುಂದೆ 1980ರ ‘ಕುರ್ಬಾನಿ’ಗಾಗಿ ಹದಿನೈದರ ಬಾಲೆ ನಾಜಿಯಾ ಹಸನ್‌ರಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿದರು. 1995ರಲ್ಲಿ ಅಲಿಶಾ ಚಿನಾಯ್‌ರ ‘ಮೇಡ್ ಇನ್ ಇಂಡಿಯಾ’.

ಹುಡುಗನ ತಂದೆ ಕಾಲೇಜು ದಿನಗಳಲ್ಲಿ ‘ಆಪ್ ಜೈಸಾ’ಗೆ ಕುಣಿದವರಂತೆ. ಆದರೆ ಬಿದ್ದು ಹೆಸರನ್ನು ಕೇಳಿಯೇ ಇರಲಿಲ್ಲ. ನಮ್ಮೂರಿನವರೆಂದಾಗ ನಂಬಲೂ ಇಲ್ಲ. ಗಾಯಕರ ಹೆಸರು ನೆನಪಿಡುವ ನಾವು, ಹಾಡು ಕಟ್ಟಿದವರನ್ನು ಕೇಳುವುದೇ ಇಲ್ಲ.

ಬಿದ್ದು ಒಬ್ಬರೇ, ಹೋಗಿ ಸೋತವರ ಲೆಕ್ಕ ಯಾರೂ ಇಟ್ಟಿಲ್ಲ ಎಂಬುದನ್ನೂ ನಾನು ಮುಚ್ಚಿಡಲಿಲ್ಲ. ಗಿಟಾರ್ ಬಿಡಿಸಬೇಡಿ, ಪದವಿಯನ್ನೂ ಬಿಡಿಸಬೇಡಿ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.