ಭಾರ ಕಳೆದುಹೋದ ಕ್ಷಣ

ಸಂಪಾಜೆಯಿಂದ ಮಡಿಕೇರಿಗೆ ಘಟ್ಟದ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆ ಈ ಅನುಭವ ಹೊಸದಲ್ಲ. ರಸ್ತೆಯ ಉಬ್ಬನ್ನು ಏರಿದ ಬಸ್ಸು ಥಟ್ಟನೆ ಕೆಳಗಿಳಿದಾಗ ನಾವು ಸೀಟಿನಿಂದ ಮೇಲೆದ್ದಂತಾಗುತ್ತದೆ. ಕ್ಷಣಕಾಲ ನಮ್ಮ ತೂಕವೇ ಕಡಮೆಯಾದಂತೆ ತೋರುತ್ತದೆ. ಬಸ್ಸಿನಲ್ಲಿ ಇದು ವಿನೋದ. ಎರಡು ಅಲಗುಗಳ ಹಗುರ ಹೆಲಿಕಾಪ್ಟರಿನಲ್ಲಿ ಇದೇ ಪ್ರಾಣಾಂತಕವಾಗಬಲ್ಲುದು. ಅದು ಹೇಗೆಂಬುದನ್ನು ನೋಡೋಣ.

ರಾಬಿನ್ಸನ್ ಆರ್-22, ಆರ್-44 ಮೊದಲಾದ ಹೆಲಿಕಾಪ್ಟರುಗಳಲ್ಲಿ ಮೇಲಿನ ಎರಡು ಅಲಗುಗಳು, ತಿರುಗುವ ಉಕ್ಕಿನ ಕಂಬದ ತುದಿಯಲ್ಲಿ, ತಕ್ಕಡಿಯ ದಂಡದಂತೆ ಓಲಾಡುತ್ತವೆ. ಯಂತ್ರದ ಒಡಲು ಅವುಗಳ ಕೆಳಗೆ ಲೋಲಕದಂತೆ ತೂಗಿಕೊಂಡಿರುತ್ತದೆ. ಚಾಲಕನು ಹಿಡಿಕೋಲನ್ನು ಎಡಗಡೆಗೆ ಸರಿಸಿದರೆ ಅಲಗುಗಳು ಸುತ್ತುವ ತಳ ಎಡಕ್ಕೆ ವಾಲುತ್ತದೆ. ಅವುಗಳ ಎತ್ತುವ ಶಕ್ತಿಯು ಒಡಲನ್ನೂ ಆ ಕಡೆಗೆ ಎಳೆಯುತ್ತದೆ. ಎತ್ತುವ ಶಕ್ತಿ ಇಲ್ಲವಾದರೆ ಈ ಎಳೆತವೂ ಇಲ್ಲ.

ಇಂತಹ ಹೆಲಿಕಾಪ್ಟರೊಂದು ಕೊಡಗಿನ ಮೇಲೆ ಹಾರುತ್ತಿದೆಯೆಂದು ಊಹಿಸೋಣ. ಅರಬ್ಬೀ ಸಮುದ್ರದ ಕಡೆಯಿಂದ ಬೀಸುವ ಗಾಳಿ 1,748 ಮೀಟರ್ ಎತ್ತರದ ತಡಿಯಂಡಮೋಳಿನಂಥ ಬೆಟ್ಟಗಳಿಗೆ ಬಡಿದು ಮೇಲೇರುತ್ತದೆ. ಶಿಖರವನ್ನು ದಾಟಿದೊಡನೆ ಸುಳಿಸುಳಿಯಾಗಿ ಕೆಳಗಿಳಿಯುತ್ತದೆ. ಶಿಖರ ದಾಟಿದ ಚಾಲಕನು ಕಣಿವೆಗಿಳಿಯಲು ಹಿಡಿಕೋಲನ್ನು ರಭಸದಿಂದ ಮುಂದಕ್ಕೆ ನೂಕಿದನೆನ್ನಿ. ಉಬ್ಬು ದಾಟಿದ ಬಸ್ಸಿನಂತೆ ಯಂತ್ರವು ಬಾಗಿ ಕೆಳಗಿಳಿಯುತ್ತದೆ. ಅಲಗುಗಳ ಮೇಲಿನ ಭಾರ ಇಳಿದು, ಎತ್ತುವ ಶಕ್ತಿ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಆದರೆ ಬಾಲದ ಸಣ್ಣ ಅಲಗುಗಳು ತಮ್ಮ ಕೆಲಸವನ್ನು ನಿಲ್ಲಿಸುವುದಿಲ್ಲ. ಯಂತ್ರದ ಗುರುತ್ವಕೇಂದ್ರಕ್ಕಿಂತ ಮೇಲ್ಮಟ್ಟದಲ್ಲಿರುವ ಅವು ಬಲಗಡೆಗೆ ನೂಕುತ್ತಿರುವುದರಿಂದ ಒಡಲು ಬಲಕ್ಕೆ ಉರುಳತೊಡಗುತ್ತದೆ. ಬೆದರಿದ ಚಾಲಕನು ಸಹಜವಾಗಿಯೇ ಹಿಡಿಕೋಲನ್ನು ಎಡಕ್ಕೆ ಎಳೆಯುತ್ತಾನೆ. ವಿಪತ್ತು ಅಡಗಿರುವುದು ಇಲ್ಲಿಯೇ. ಅಲಗುಗಳು ಎಡಕ್ಕೆ ವಾಲುತ್ತವೆ, ಒಡಲು ಬಲಕ್ಕೆ ಉರುಳುತ್ತಲೇ ಇರುತ್ತದೆ. ಇವೆರಡರ ನಡುವಣ ಕೋನ ಮಿತಿಮೀರಿದಾಗ ಅಲಗುಗಳ ಗುಂಬವು ಕಂಬಕ್ಕೆ ಅಪ್ಪಳಿಸುತ್ತದೆ. ಇದಕ್ಕೆ ‘ಮಾಸ್ಟ್ ಬಂಪಿಂಗ್’ ಎಂದು ಹೆಸರು. ಕಂಬ ಮುರಿದು ಅಲಗುಗಳು ಬೇರ್ಪಡಬಹುದು. ಇಲ್ಲವೆ ಅಲಗೇ ಒಡಲನ್ನು ಸೀಳಬಹುದು. ಇಷ್ಟೆಲ್ಲ ನಡೆಯಲು ಕೆಲವು ಕ್ಷಣಗಳು ಸಾಕು.

ಹಾಗಾದರೆ ಚಾಲಕನು ಮಾಡಬೇಕಾದುದೇನು? ಮೊದಲು ಹಿಡಿಕೋಲನ್ನು ಮೆಲ್ಲಗೆ ಹಿಂದಕ್ಕೆ ತರಬೇಕು. ಆಗ ಅಲಗುಗಳ ಮೇಲೆ ಮತ್ತೆ ಭಾರ ಬಿದ್ದು, ಎತ್ತುವ ಶಕ್ತಿ ಮರಳುತ್ತದೆ. ಆ ಬಳಿಕವೇ ಉರುಳುವಿಕೆಯನ್ನು ಸರಿಪಡಿಸಬೇಕು. ಈ ಕ್ರಮವನ್ನು ತಪ್ಪಿಸಬಾರದು. ಇದಕ್ಕಿಂತಲೂ ಮೇಲಾದುದೆಂದರೆ ಆ ಸ್ಥಿತಿಗೆ ಸಿಲುಕದಿರುವುದು: ಗಾಳಿ ಪ್ರಕ್ಷುಬ್ಧವಾಗಿರುವೆಡೆ ವೇಗವನ್ನು ತಗ್ಗಿಸಬೇಕು, ಹಿಡಿಕೋಲನ್ನು ಹಠಾತ್ತಾಗಿ ಮುಂದಕ್ಕೆ ನೂಕಬಾರದು. ಅನೇಕ ಅಪಘಾತಗಳ ನಂತರ, 1995ರಲ್ಲಿ, ಅಮೆರಿಕದ ವಿಮಾನಯಾನ ಆಡಳಿತವು ಈ ಎರಡು ಮಾದರಿಗಳ ಚಾಲಕರಿಗೆ ವಿಶೇಷ ಶಿಕ್ಷಣವನ್ನು ಕಡ್ಡಾಯಗೊಳಿಸಿತು.

ಎಲ್ಲ ಹೆಲಿಕಾಪ್ಟರುಗಳಿಗೂ ಈ ಭಯವಿಲ್ಲ. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ‘ಧ್ರುವ’ಕ್ಕೆ ನಾಲ್ಕು ಅಲಗುಗಳು. ಅವು ತಕ್ಕಡಿಯಂತೆ ಓಲಾಡದೆ ಗುಂಬಕ್ಕೆ ಬಿಗಿಯಾಗಿ ಸೇರಿರುವುದರಿಂದ, ಎತ್ತುವ ಶಕ್ತಿ ಕುಗ್ಗಿದಾಗಲೂ ತಮ್ಮ ಬಿಗಿತದಿಂದಲೇ ಒಡಲನ್ನು ತಿರುಗಿಸಬಲ್ಲವು. ಎರಡು ಅಲಗುಗಳ ಯಂತ್ರವಾದರೋ ಸರಳವೂ ಅಗ್ಗವೂ ಆದುದು. ಅದನ್ನು ನಡೆಸುವವನು ಮಾತ್ರ, ಕೈ ಎಡಕ್ಕೆ ಹಾತೊರೆಯುವಾಗ ಅದನ್ನು ತಡೆಯುವಷ್ಟು ವಿಜ್ಞಾನವನ್ನು ಮೊದಲೇ ಕಲಿತಿರಬೇಕು.