ಚಾಂಪಿಯನ್ ಮುಂದೆ ಯಾರ ಜೊತೆ ಸೆಣಸಬೇಕು?

2024ರ ಮೇನಲ್ಲಿ ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್, ಟೈಸನ್ ಫ್ಯೂರಿಯನ್ನು ಸೋಲಿಸಿ ಹೆವಿವೇಟ್ ಬಾಕ್ಸಿಂಗ್‌ನ ನಾಲ್ಕೂ ಪ್ರಮುಖ ಬೆಲ್ಟ್‌ಗಳನ್ನು ತಮ್ಮದಾಗಿಸಿಕೊಂಡರು. ಮುಂದಿನ ಎದುರಾಳಿ ಯಾರು? ತೀರ್ಪುಗಾರರಲ್ಲೇ ಒಮ್ಮತವಿರಲಿಲ್ಲ, ಹಾಗಾಗಿ ಫ್ಯೂರಿಗೇ ಇನ್ನೊಂದು ಅವಕಾಶ ಸಿಗಲಿ ಎಂದರು ಹಲವು ಅಭಿಮಾನಿಗಳು. ನಾನು ಡೇನಿಯಲ್ ಡುಬ್ವಾ ಕಡೆ. 2023ರಲ್ಲಿ ಅವರ ಒಂದು ಹೊಡೆತಕ್ಕೆ ಉಸಿಕ್ ಬಿದ್ದಿದ್ದರು. ಸೊಂಟದ ಕೆಳಗೆ ತಗುಲಿತೆಂದು ರೆಫರಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ವಾದ ಮುಗಿದೇ ಇರಲಿಲ್ಲ.

ಆದರೆ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಒಂದೊಂದು ಬೆಲ್ಟಿಗೂ ಒಂದೊಂದು ಸಂಸ್ಥೆ; ಅದು ಸೂಚಿಸಿದವರನ್ನು ಎದುರಿಸದಿದ್ದರೆ ಬೆಲ್ಟ್ ಕೈಬಿಡಬಹುದು. ಫ್ಯೂರಿ ಜೊತೆಗಿನ ಮರುಪಂದ್ಯವೋ ಮೊದಲೇ ಒಪ್ಪಂದದಲ್ಲಿತ್ತು. ಉಸಿಕ್ ಐಬಿಎಫ್ ಬೆಲ್ಟ್ ಬಿಟ್ಟುಕೊಟ್ಟರು, ಅದು ಡುಬ್ವಾ ಪಾಲಾಯಿತು. ಡಿಸೆಂಬರ್‌ನಲ್ಲಿ ಫ್ಯೂರಿ ಮತ್ತೆ ಸೋತರು. 2025ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಡುಬ್ವಾ ಸರದಿಯೂ ಬಂತು. ಐದನೇ ಸುತ್ತಿನಲ್ಲೇ ನಾಕೌಟ್ ಆದರು ನನ್ನ ಡುಬ್ವಾ.