ಬಲಗಾಲಿನ ಲೆಕ್ಕ

ಮೈಸೂರಿನಲ್ಲಿ ಬಲು ದೂರದಿಂದ ಬಂದವರನ್ನು ನೋಡಬೇಕೆಂದರೆ ಗೋಕುಲಂಗೆ ಹೋಗಬೇಕು. ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿದ್ದ ತಮ್ಮ ಯೋಗಶಾಲೆಯನ್ನು 2002ರ ಸುಮಾರಿಗೆ ಇಲ್ಲಿಗೆ ತಂದ ಮೇಲೆ, ಈ ಬಡಾವಣೆಯ ಅಡ್ಡರಸ್ತೆಗಳಲ್ಲಿ ಅಮೆರಿಕ, ಯುರೋಪು, ಜಪಾನಿನ ಜನ ಎಳನೀರು ಕುಡಿಯುತ್ತ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟವರು ಬೆಂಗಳೂರಿಗೆ ಇಳಿಯುವಷ್ಟರಲ್ಲಿ ಸುಮಾರು 14,000 ಕಿ.ಮೀ. ಹಾರಿರುತ್ತಾರೆ. ಗೋಕುಲಂ ಪಕ್ಕದ ಕೆಆರ್‌ಎಸ್ ರಸ್ತೆಯಲ್ಲಿ ಮೇಟಗಳ್ಳಿ ಕೈಗಾರಿಕಾ ಪ್ರದೇಶದತ್ತ ಹೋಗುವ ಲಾರಿಯ ಡ್ರೈವರ್ ಅಷ್ಟೇ ದೂರವನ್ನು ಎರಡು ತಿಂಗಳೊಳಗೆ ನೆಲದ ಮೇಲೆಯೇ ಮುಗಿಸುತ್ತಾನೆ. ಅವನನ್ನು ಮಾತ್ರ ಯಾರೂ ದೂರದಿಂದ ಬಂದವನು ಎನ್ನುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಸಾರಿಗೆ ಕಂಪನಿಯೊಂದರ ಲಾರಿ ಓಡಿಸುವವನು ದಿನಕ್ಕೆ 300 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಿಸುತ್ತಾನೆ ಎಂದು ಹಿಡಿಯಿರಿ. ತಿಂಗಳಿಗೆ 7,500 ಕಿ.ಮೀ., ವರ್ಷಕ್ಕೆ 90,000. ಇಪ್ಪತ್ತೈದರ ಪ್ರಾಯದಲ್ಲಿ ಸ್ಟೇರಿಂಗ್ ಹಿಡಿದು ಐವತ್ತೈದಕ್ಕೆ ಬಿಟ್ಟರೆ 27 ಲಕ್ಷ ಕಿ.ಮೀ. ಭೂಮಿಯ ಸುತ್ತಳತೆ 40,075 ಕಿ.ಮೀ.; ಅವನು ಅದನ್ನು 67 ಸಲ ಸುತ್ತಿದ್ದಾನೆ. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ, ಮೂರು ಸಲ ಹೋಗಿ ಬಂದು, ನಾಲ್ಕನೆಯ ಸಲ ಹೋದವನು ಅಲ್ಲೇ ರಿಟೈರ್ ಆದಂತೆ. ಗಂಟೆಗೆ 40 ಕಿ.ಮೀ. ಸರಾಸರಿ ವೇಗ ಎಂದುಕೊಂಡರೆ, ಒಟ್ಟು 67,500 ಗಂಟೆ. ಇಳಿಯದೆ, ಮಲಗದೆ, ಒಂದೇ ಸೀಟಿನಲ್ಲಿ ಏಳು ವರ್ಷ ಎಂಟು ತಿಂಗಳು.

ದೇಶದ ರಾಷ್ಟ್ರೀಯ ಹೆದ್ದಾರಿಗಳ ಉದ್ದ 2014ರಲ್ಲಿ ಸುಮಾರು 91,000 ಕಿ.ಮೀ. ಇತ್ತು. ಹತ್ತು ವರ್ಷಗಳಲ್ಲಿ ಅದು 1,46,000 ಕಿ.ಮೀ. ದಾಟಿತು. ಅಷ್ಟನ್ನೂ ಒಂದೊಂದು ಸಲ ಓಡಿಸಿ ಮುಗಿಸಲು ನಮ್ಮ ಡ್ರೈವರನಿಗೆ ಒಂದು ವರ್ಷ ಎಂಟು ತಿಂಗಳು ಸಾಕು. ಅವನ ವೃತ್ತಿಯ ಮೂವತ್ತು ವರ್ಷಗಳಲ್ಲಿ ಇಡೀ ದೇಶದ ಹೆದ್ದಾರಿಗಳನ್ನು ಹದಿನೆಂಟು ಸಲ ಮುಗಿಸಬಹುದು.

ಇದು ಒಬ್ಬನ ಲೆಕ್ಕ. ಇಂಥವರನ್ನು ಸಾವಿರಗಳಲ್ಲಿ ಜೋಡಿಸಿದಾಗ ಕಂಪನಿಯಾಗುತ್ತದೆ. ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಹುಬ್ಬಳ್ಳಿಯದು. ಗದಗಿನ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಆರಂಭಿಸಿದ ವ್ಯವಹಾರ 1983ರಲ್ಲಿ ಕಂಪನಿಯಾಗಿ ನೋಂದಣಿಯಾಯಿತು, 2015ರಲ್ಲಿ ಷೇರುಪೇಟೆಗೆ ಹೋಯಿತು. ಇವತ್ತು ಆ ಕಂಪನಿಯ, ಅಂದರೆ ವಿಆರ್‌ಎಲ್‌ನ, ಸರಕು ವಾಹನಗಳು ಆರು ಸಾವಿರದ ಆಸುಪಾಸು. ಒಂದು ಆರು ಸಾವಿರವಾಗಲು ಹಿಡಿದದ್ದು ಅರ್ಧ ಶತಮಾನಕ್ಕಿಂತ ಕಡಿಮೆ ಕಾಲ. ಆ ಗಾತ್ರದ ಯಾವುದೇ ಕಂಪನಿಯನ್ನು ತೆಗೆದುಕೊಂಡು, ಲಾರಿಯೊಂದಕ್ಕೆ ದಿನಕ್ಕೆ ಅದೇ 300 ಕಿ.ಮೀ. ಹಿಡಿದರೆ ಒಟ್ಟು 18 ಲಕ್ಷ ಕಿ.ಮೀ. ಆಗುತ್ತದೆ. ಅಂದರೆ ಒಬ್ಬ ಡ್ರೈವರ್ ಇಪ್ಪತ್ತು ವರ್ಷ ಓಡಿಸುವುದನ್ನು ಕಂಪನಿ ಒಂದು ದಿನದಲ್ಲಿ ಓಡಿಸುತ್ತದೆ.

ಈ ಮಟ್ಟದಲ್ಲಿ ನಿಂತು ನೋಡಿದರೆ, ಕಂಪನಿಗಳು ಡ್ರೈವರನ ಬಲಗಾಲಿನ ಮೇಲೆ ಯಾಕೆ ಅಷ್ಟು ಕಣ್ಣಿಡುತ್ತವೆ ಎನ್ನುವುದು ಅರ್ಥವಾಗುತ್ತದೆ. ಆಕ್ಸಿಲರೇಟರ್ ಒತ್ತುವುದೂ ಬ್ರೇಕ್ ಒತ್ತುವುದೂ ಅದೇ ಕಾಲು. ಲೋಡ್ ಲಾರಿ ಲೀಟರಿಗೆ 4 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ, 18 ಲಕ್ಷ ಕಿ.ಮೀ.ಗೆ ದಿನಕ್ಕೆ 4.5 ಲಕ್ಷ ಲೀಟರ್ ಡೀಸೆಲ್ ಬೇಕು. ಎಲ್ಲ ಡ್ರೈವರುಗಳೂ ಕಾಲನ್ನು ಕೊಂಚ ಹಗುರ ಮಾಡಿ 4.1 ತಂದರೆ ದಿನಕ್ಕೆ ಸುಮಾರು 11,000 ಲೀಟರ್ ಉಳಿಯುತ್ತದೆ. ಲೀಟರಿಗೆ ₹90ರಂತೆ ಅದು ಹತ್ತಿರ ಹತ್ತಿರ ಹತ್ತು ಲಕ್ಷ ರೂಪಾಯಿ, ಒಂದು ದಿನಕ್ಕೆ. ಹಾಗಾಗಿ ಟ್ರಿಪ್ ಶೀಟಿನಲ್ಲಿ ಊರಿನಿಂದ ಊರಿಗೆ ಇಷ್ಟು ಡೀಸೆಲ್ ಎಂದು ಮೊದಲೇ ಬರೆದಿರುತ್ತದೆ. ಜಿಪಿಎಸ್ ಪೆಟ್ಟಿಗೆ ಅವನು ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಎಂದು ಕಚೇರಿಗೆ ಹೇಳುತ್ತಿರುತ್ತದೆ. ಮೈಲೇಜ್ ಹೆಚ್ಚು ತಂದವನಿಗೆ ಇನಾಮು, ಕಡಿಮೆ ತಂದವನಿಗೆ ಪ್ರಶ್ನೆ.

ಅದೇ ಕಾಲು ಈಗ ಬ್ರೇಕಿನ ಮೇಲೆ ಬರಲಿ. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ ಹಿಂದೆ 25 ಟನ್ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು 28.5 ಟನ್ನಿಗೆ ಏರಿಸಿತು. ಒಂದು ಅಧಿಸೂಚನೆಯಿಂದ ಮೂರೂವರೆ ಟನ್ ಹೆಚ್ಚಾಯಿತು. ಅದನ್ನು ನಿಲ್ಲಿಸಬೇಕಾದ ಕಾಲು ಮೊದಲಿನದೇ. ಎಪ್ಪತ್ತು ಕಿಲೋದ ಮನುಷ್ಯ ತನ್ನ ತೂಕದ ನಾನೂರು ಪಟ್ಟನ್ನು ಅಂಕೆಯಲ್ಲಿಡಬೇಕು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಎದುರಿಗೆ ಹಸುವೊಂದು ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಮನಸ್ಸಿಗೆ ಹೊಳೆದು, ಕಾಲು ಬ್ರೇಕ್ ಮುಟ್ಟಲು ಒಂದೂವರೆ ಸೆಕೆಂಡ್ ಹಿಡಿದರೆ ಲಾರಿ ಆಗಲೇ 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿಯುವುದು ಶುರುವಾಗುವುದು ಅಲ್ಲಿಂದಾಚೆಗೆ. ಬೆಳಗಿನ ಜಾವ ಮೂರು ಸೆಕೆಂಡು ರೆಪ್ಪೆ ಕೂಡಿದರೆ 50 ಮೀಟರ್ ಕುರುಡು ಓಟ.

ಮೈಸೂರಿನಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಮಡಿಕೇರಿ ದಾಟಿದ ಮೇಲೆ ಸಂಪಾಜೆ ಘಾಟಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಷ್ಟರಲ್ಲಿ ರಸ್ತೆ ಸುಮಾರು ಸಾವಿರ ಮೀಟರ್ ಕೆಳಗೆ ಬರುತ್ತದೆ. ಪೂರ್ತಿ ಲೋಡಿನ ಹತ್ತು ಚಕ್ರದ ಲಾರಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 28 ಕೋಟಿ ಜೂಲ್. ಆ ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ. ಬಹುಪಾಲು ಬಿಸಿಯಾಗಿ ಹೊರಬರಲೇಬೇಕು. ಅಷ್ಟು ಬಿಸಿಯಲ್ಲಿ ಸುಮಾರು 900 ಲೀಟರ್ ತಣ್ಣೀರನ್ನು ಕುದಿಸಬಹುದು, ಮದುವೆಮನೆಯ ಹಂಡೆಗಳನ್ನು ಸಾಲಾಗಿ ಇಟ್ಟಂತೆ. ಅದೆಲ್ಲವನ್ನೂ ಬ್ರೇಕಿನ ಮೇಲೇ ಹಾಕಿದರೆ ಲೈನರುಗಳು ಕಾದು, ಹೊಗೆಯಾಡಿ, ಕೊನೆಗೆ ಹಿಡಿತವನ್ನೇ ಬಿಡುತ್ತವೆ. ಅದಕ್ಕೇ ಹಳೆಯ ಡ್ರೈವರುಗಳು ಹೊಸಬರಿಗೆ ಹೇಳುವ ಮೊದಲ ಪಾಠ: ಹತ್ತುವ ಗೇರಿನಲ್ಲೇ ಇಳಿ, ನ್ಯೂಟ್ರಲ್ ಮುಟ್ಟಬೇಡ. ಸಣ್ಣ ಗೇರಿನಲ್ಲಿ ಎಂಜಿನ್ನೇ ಲಾರಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಬಿಸಿ ಹಂಚಿಹೋಗುತ್ತದೆ. ಭೌತಶಾಸ್ತ್ರದ ಪುಸ್ತಕ ಒಂದು ಅಧ್ಯಾಯದಲ್ಲಿ ಹೇಳುವುದು ಆ ಒಂದು ಸಾಲಿನಲ್ಲಿದೆ.

ಈ ಭಾರವನ್ನು ಹೊರುವ ಟೈರುಗಳಿಗೂ ಗೋಕುಲಂನ ನೆರೆಹೊರೆಗೂ ನಂಟಿದೆ. ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ ಕಾರ್ಖಾನೆ 1997ರಲ್ಲಿ ಜೆಕೆ ಟೈರ್ ಕೈಗೆ ಹೋಯಿತು. ಮೈಸೂರಿನ ಹಳಬರ ಬಾಯಲ್ಲಿ ಅದಿನ್ನೂ ವಿಕ್ರಾಂತೇ. ಲಾರಿಯ ಟೈರು ಒಂದು ಕಿ.ಮೀ.ಗೆ ಸುಮಾರು 300 ಸುತ್ತು ಹಾಕುತ್ತದೆ. ವರ್ಷಕ್ಕೆ 90,000 ಕಿ.ಮೀ. ಓಡಿದರೆ ಪ್ರತಿ ಚಕ್ರವೂ 2.7 ಕೋಟಿ ಸಲ ತಿರುಗಿರುತ್ತದೆ.

ಆ ಚಕ್ರ ರಸ್ತೆಗೆ ಮಾಡುವುದೇನು ಎನ್ನುವುದು ಇನ್ನೂ ದೊಡ್ಡ ಬೆರಗು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಗೆ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದರ ಮೇಲೆ ಹಗಲೂ ರಾತ್ರಿ ಲಾರಿ ಓಡಿಸಿ ನೋಡಿದರು. ಆಗ ತಿಳಿದದ್ದು: ಆ್ಯಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ಭಾರದ ನಾಲ್ಕನೆಯ ಘಾತ. ನಮ್ಮಲ್ಲಿ ಆರು ಚಕ್ರದ ಲಾರಿಯ ಹಿಂದಿನ ಆ್ಯಕ್ಸಲ್ ಹೊರಬಹುದಾದ ಮಿತಿ 11.5 ಟನ್; ಸಣ್ಣ ಕಾರಿನ ಆ್ಯಕ್ಸಲ್ ಮೇಲೆ ಬೀಳುವುದು ಅರ್ಧ ಟನ್. ಭಾರ 23 ಪಟ್ಟು, ಸವೆತ ಸುಮಾರು 2.8 ಲಕ್ಷ ಪಟ್ಟು. ಆ ಮಿತಿ ಮೀರಿ ಎರಡೂವರೆ ಟನ್ ಹೆಚ್ಚು ಹೇರಿದರೆ ಸವೆತ ಮತ್ತೆ ದುಪ್ಪಟ್ಟು ದಾಟುತ್ತದೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ ದಂಡ ₹20,000, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000. ಲೋಡ್ ಎಷ್ಟು ಎಂದು ತೀರ್ಮಾನಿಸುವುದು ಗೋಡೌನಿನಲ್ಲಿ, ತೂಕದ ಸೇತುವೆಯ ಮೇಲೆ ಸಿಕ್ಕಿಬೀಳುವುದು ಸ್ಟೇರಿಂಗ್ ಹಿಡಿದವನು.

ಇನ್ನು ಸಮಯ. ಹುಬ್ಬಳ್ಳಿಯಿಂದ ಮೈಸೂರಿಗೆ 430 ಕಿ.ಮೀ.ಯಷ್ಟು ದಾರಿ. ಗಂಟೆಗೆ 40ರಂತೆ ಹತ್ತೂಮುಕ್ಕಾಲು ಗಂಟೆಯ ಓಟ. ಇದಕ್ಕೆ ಮೂರು ಗಡಿಯಾರಗಳಿವೆ, ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತು. ದೂರದ ಓಟಕ್ಕೆ ಹೆಚ್ಚೆಂದರೆ 10 ಮತ್ತು 54. ಆ ಪ್ರಕಾರ ಹುಬ್ಬಳ್ಳಿ ಬಿಟ್ಟ ಒಂಟಿ ಡ್ರೈವರ್ ಒಂದೇ ದಿನದಲ್ಲಿ ಮೈಸೂರು ಮುಟ್ಟುವಂತೆಯೇ ಇರಲಿಲ್ಲ. ಎರಡನೆಯದು ತೆರಿಗೆಯ ಗಡಿಯಾರ. ಇ-ವೇ ಬಿಲ್ಲಿಗೆ 2021ರಿಂದ 200 ಕಿ.ಮೀ.ಗೆ ಒಂದು ದಿನದ ಅವಧಿ, 430 ಕಿ.ಮೀ.ಗೆ ಮೂರು ದಿನ ಸಿಗುತ್ತದೆ. ಮೂರನೆಯದು ಗಿರಾಕಿಯದು: ಸಂಜೆ ಬುಕ್ ಮಾಡಿದ್ದು ಬೆಳಿಗ್ಗೆ ಸಿಗಬೇಕು. ಕಾನೂನಿನ ಹೊತ್ತು, ತೆರಿಗೆಯ ಹೊತ್ತು ಎರಡೂ ನಿಧಾನ. ಲಾರಿ ಓಡುವುದು ಗಿರಾಕಿಯ ಹೊತ್ತಿಗೆ.

ಅದೇ 1961ರ ಕಾಯ್ದೆಯಲ್ಲಿ ಇನ್ನೊಂದು ಸಂಖ್ಯೆಯಿತ್ತು. ಟರ್ಮಿನಲ್ಲಿನಲ್ಲಿ ಸುಮ್ಮನೆ ಕಾಯುವ ಹೊತ್ತು ಹದಿನೈದು ನಿಮಿಷಕ್ಕಿಂತ ಕಡಿಮೆಯಿದ್ದರೆ ಅದು ಕೆಲಸದ ಲೆಕ್ಕ. ಹದಿನೈದು ದಾಟಿತೋ, ಕಾಯುವುದು ಕೆಲಸವಲ್ಲ. ಲಾರಿ ಡ್ರೈವರ್ ಕಾಯುವುದು ನಿಮಿಷಗಳಲ್ಲಲ್ಲ ಎಂದು ಆ ಕೆಲಸ ಬಲ್ಲ ಯಾರಾದರೂ ಹೇಳುತ್ತಾರೆ. ಹಮಾಲರು ಬರುವವರೆಗೆ, ಗೇಟ್ ಪಾಸ್ ಆಗುವವರೆಗೆ, ವಾಪಸು ಲೋಡ್ ಸಿಗುವವರೆಗೆ. ಆರು ಸಾವಿರ ಲಾರಿಗಳಲ್ಲಿ ಒಂದೊಂದೂ ದಿನಕ್ಕೆ ಒಂದೇ ಗಂಟೆ ಕಾದರೂ, ಒಂದು ದಿನದಲ್ಲಿ ಕಳೆದುಹೋಗುವ ಮನುಷ್ಯರ ಹೊತ್ತು 6,000 ಗಂಟೆ. ಅಂದರೆ 250 ದಿನ.

ಮೈಸೂರಿನಿಂದ ದಕ್ಷಿಣಕ್ಕೆ ತಿರುಗಿದರೆ ಕಾಯುವಿಕೆಗೆ ಬೇರೆಯದೇ ಕಾರಣವಿದೆ. ಗುಂಡ್ಲುಪೇಟೆ ಮೇಲೆ ಕೋಯಿಕ್ಕೋಡಿಗೆ ಹೋಗುವ ಹೆದ್ದಾರಿ ಬಂಡೀಪುರ ಕಾಡಿನ ನಡುವೆ ಹಾಯುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ. ಆನೆ, ಕಡವೆ, ಹುಲಿಗಳಿಗೆ ಆ ಒಂಬತ್ತು ಗಂಟೆ ಬೇಕೇ ಬೇಕು. ಡ್ರೈವರನ ಕಡೆಯಿಂದ ನೋಡಿದರೆ ಅಂಕಗಣಿತ ಕಠೋರ: ಗೋಡೌನಿನಲ್ಲಿ ಲೋಡ್ ಐದು ನಿಮಿಷ ತಡವಾದರೆ ಚೆಕ್‌ಪೋಸ್ಟಿನಲ್ಲಿ ಒಂಬತ್ತು ಗಂಟೆ, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತುದಾರಿ. ವರ್ಷವಿಡೀ ಕೂಡಿಸಿದರೆ ಆ ರಸ್ತೆ 3,285 ಗಂಟೆ, ಅಂದರೆ 137 ದಿನ ಮುಚ್ಚಿರುತ್ತದೆ.

ಮತ್ತೊಂದು ಸಂಖ್ಯೆಯನ್ನು ಹೇಳದೆ ಬಿಡುವಂತಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಗಂಟೆಗೆ ಹತ್ತೊಂಬತ್ತು ಜನ. ಹುಬ್ಬಳ್ಳಿಯ ಲಾರಿ ಮೈಸೂರು ಸೇರುವಷ್ಟರಲ್ಲಿ, ಆ ಸರಾಸರಿಯಂತೆ, ದೇಶದ ಯಾವ ಯಾವುದೋ ರಸ್ತೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡಿರುತ್ತಾರೆ. ನಿದ್ದೆಗೆಟ್ಟ ಮೂರು ಸೆಕೆಂಡಿನ ಬೆಲೆ ಇಷ್ಟು ದೊಡ್ಡ ಸಂಖ್ಯೆಯೊಳಗೆ ಎಲ್ಲೋ ಸೇರಿದೆ. ಡ್ರೈವರನ ದಣಿವಿಗೆ ಸೆಕೆಯೂ ಸೇರುತ್ತದೆ: ಐಸ್‌ಕ್ರೀಮನ್ನು, ಔಷಧಿಯನ್ನು ತಣ್ಣಗೆ ಸಾಗಿಸುವ ಲಾರಿಗಳು ದಶಕಗಳಿಂದ ಇವೆ. ಡ್ರೈವರ್ ಕೂರುವ ಕ್ಯಾಬಿನ್ನಿಗೂ ಎಸಿ ಇರಲೇಬೇಕು ಎಂಬ ನಿಯಮ ಹೊಸ ಲಾರಿಗಳಿಗೆ ಬಂದದ್ದು 2025ರಲ್ಲಿ.

ಕೊನೆಯದಾಗಿ ಒಂದು ಸಣ್ಣ ಲೆಕ್ಕ. ಗೋಕುಲಂನ ಮನೆಯೊಂದಕ್ಕೆ ಹುಬ್ಬಳ್ಳಿಯ ತವರಿನಿಂದ ನಾಲ್ಕು ಕಿಲೋ ಪಾರ್ಸೆಲ್ ಬರುತ್ತದೆ ಎಂದುಕೊಳ್ಳಿ: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಅಗಸೆ ಹಿಂಡಿ. ಲಾರಿಯಲ್ಲಿ ಒಟ್ಟು 15 ಟನ್ ಪಾರ್ಸೆಲ್. ಲೀಟರಿಗೆ 4 ಕಿ.ಮೀ.ನಂತೆ 430 ಕಿ.ಮೀ.ಗೆ ಡೀಸೆಲ್ ಖರ್ಚು ಸುಮಾರು ₹9,700. ಕಿಲೋಗೆ 65 ಪೈಸೆ. ನಾಲ್ಕು ಕಿಲೋ ಹೊತ್ತದ್ದಕ್ಕೆ ಡೀಸೆಲ್ಲಿಗೆ ಸಿಕ್ಕಿದ್ದು ₹2.60. ಡ್ರೈವರನಿಗೆ ಸಂಬಳ, ಬಾಟಾ ಸೇರಿ ಆ ಓಟಕ್ಕೆ ₹1,500 ಹಿಡಿಯಿರಿ. ಇದಕ್ಕಿಂತ ಕಡಿಮೆ ಕೊಡುವವರೂ ಇದ್ದಾರೆ, ಹೆಚ್ಚು ಕೊಡುವವರೂ ಇದ್ದಾರೆ. 15,000 ಕಿಲೋಗೆ ಹಂಚಿದರೆ ಕಿಲೋಗೆ ಹತ್ತು ಪೈಸೆ. ರಾತ್ರಿಯಿಡೀ ಕಣ್ಣು ಬಿಟ್ಟು ಆ ರೊಟ್ಟಿಯನ್ನು ತಂದವನ ಪಾಲು 40 ಪೈಸೆ.

25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಈಗ ಉಳಿದಿರುವ ಅತಿ ಸಣ್ಣ ನಾಣ್ಯ 50 ಪೈಸೆಯದು. ಆ ಮನೆಯವರು ಡ್ರೈವರನ ಪಾಲನ್ನು ಪ್ರತ್ಯೇಕವಾಗಿ ಅವನ ಕೈಗೇ ಕೊಡುತ್ತೇವೆಂದು ಹೊರಟರೂ ಅದಕ್ಕೆ ಸರಿಹೊಂದುವ ನಾಣ್ಯ ಈ ದೇಶದಲ್ಲಿಲ್ಲ.

ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಆ ಲಾರಿಗೆ ಇಬ್ಬರು ಡ್ರೈವರುಗಳನ್ನು ಹಾಕಿ, ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗುವಂತೆ ಮಾಡಿದರೆ ಹತ್ತೂಮುಕ್ಕಾಲು ಗಂಟೆಯ ದಾರಿ ತಲಾ ಐದೂಕಾಲು, ಐದೂವರೆ ಗಂಟೆಯಾಗುತ್ತದೆ. ಕಾನೂನಿನ ಎಂಟು ಗಂಟೆಯೊಳಗೇ ಗಿರಾಕಿಯ ಬೆಳಗೂ ಆಗುತ್ತದೆ. 28.5 ಟನ್ ಭಾರಕ್ಕೆ ಒಂದರ ಬದಲು ದಣಿಯದ ಎರಡು ಬಲಗಾಲು. ಅದಕ್ಕಾಗಿ ರೊಟ್ಟಿಯ ಪಾರ್ಸೆಲ್ಲಿನ ಮೇಲೆ ಬೀಳುವ ಹೆಚ್ಚುವರಿ ಖರ್ಚು, ಮತ್ತೊಂದು 40 ಪೈಸೆ.